ಬುಡದಲ್ಲಿ ಒಸಿ ಜಾಗ ಉಳಿದಿತ್ತು

ನಮ್ಮಕ್ಕನ ತಲೇಲಿ ಒಂದು ಜಾಗ ಪೂರ್ತಿ ಮುಚ್ಚದೆ ಉಳಿದೈತೆ ಅಂತ ನಂಗೆ ಗೊತ್ತಿತ್ತು. ಅಕ್ಕಂಗೂ ಹೇಳ್ಲಿಲ್ಲ, ಭಾವಂಗೂ ಹೇಳ್ಲಿಲ್ಲ. ದಿನಾ ಇಲ್ಲಿ ಏನೇನೋ ತಮಾಷೆ ಬರೀತೀನಿ, ನೀವೂ ನಗ್ತೀರ. ಇವತ್ತು ನಗೋದೇನಿಲ್ಲ.

ಹಾರೋಹಳ್ಳಿ ಕಡೆ ಒಂದೊಂದೇ ಫ್ಯಾಕ್ಟ್ರಿ ಏಳ್ತಿದ್ದ ಕಾಲ ಅದು. ನಾನೂ ಒಂದ್ರಲ್ಲಿ ಹೊಸದಾಗಿ ಸೇರ್ಕಂಡಿದ್ದೆ, ಕೆಲ್ಸ ಇನ್ನೂ ಕಾಯಂ ಆಗಿರ್ಲಿಲ್ಲ. ಅಕ್ಕ ಜಯಮ್ಮನ್ನ ಸಾತನೂರು ಹತ್ರದ ಹಳ್ಳಿಗೆ ಕೊಟ್ಟಿದ್ವಿ. ಅವಳು, ಪುಟ್ಟಸ್ವಾಮಿ ಭಾವ, ಇಬ್ರೇ ರೇಷ್ಮೆಹುಳ ಸಾಕ್ತಿದ್ರು. ಒಂದಿನ ಹುಳಕ್ಕೆ ಸೊಪ್ಪು ಹಾಕ್ತಿದ್ದೋಳು "ತಲೆ ಸಿಡೀತೈತೆ" ಅಂತ ಕುಸಿದ್ಬುಟ್ಲು. ಬೆಂಗ್ಳೂರಿಗೆ ಎತ್ಕಂಡ್ ಹೋದ್ವಿ. ಮೆದುಳಿನ ರಕ್ತನಾಳ ಒಂದ್ಕಡೆ ಗುಳ್ಳೆ ಥರ ಉಬ್ಬಿ ಒಡೆದಿತ್ತು. ತೊಡೆಸಂದಿಯಿಂದ ಸಣ್ಣ ಟ್ಯೂಬು ತೂರಿಸಿ, ಆ ಗುಳ್ಳೆಯೊಳಗೆ ನೂಲಿನಂಥ ತಂತಿ ಸುರುಳಿ ತುಂಬಿದ್ರು. ಕಾಯಿಲ್ ಅಂತಾರೆ.

ಒಸಿ ಇಂಗ್ಲಿಷ್ ಬರ್ತದಲ್ಲ ಅಂತ ಡಾಕ್ಟ್ರು ನನ್ನೊಬ್ಬನ್ನೇ ಒಳಕ್ಕೆ ಕರೆದು ಪರದೆ ಮೇಲೆ ತೋರ್ಸುದ್ರು. ಮೊದ್ಲು ರಕ್ತ ಗುಳ್ಳೆಯೊಳಕ್ಕೆ ನುಗ್ಗಿ ಸುತ್ತು ಹೊಡೀತಿತ್ತಂತೆ. ಈಗ ಸುರುಳಿ ಮಧ್ಯೆ ಸಿಕ್ಕಂಡು, ನಿಧಾನ ಆಗಿ, ಅಲ್ಲೇ ಹೆಪ್ಪುಗಟ್ತದೆ. ಮಿಕ್ಕ ರಕ್ತ ನಾಳದಲ್ಲಿ ನೇರ ಹರೀತದೆ. "ಆದ್ರೆ ಗುಳ್ಳೆ ಬುಡದಲ್ಲಿ ಸ್ವಲ್ಪ ಜಾಗ ತುಂಬದೆ ಉಳಿದಿದೆ. ರಕ್ತ ಅಲ್ಲಿಗೆ ಬಡೀತಾನೇ ಇರುತ್ತೆ. ಸುರುಳಿ ಒಳಕ್ಕೆ ಒತ್ಕೊಂಡ್ರೆ ಗುಳ್ಳೆ ಮತ್ತೆ ತುಂಬಬಹುದು. ಆರು ತಿಂಗಳಿಗೆ ತಪ್ಪದೆ ಕರ್ಕೊಂಡ್ ಬನ್ನಿ, ನೋಡ್ಬೇಕು" ಅಂದ್ರು.

ಹೊರಗೆ ಭಾವ ಟವಲ್ ಹಿಂಡ್ತಾ ನಿಂತಿದ್ದ. "ಏನಂದ್ರ್ಲಾ ಸೋಮ?"

ಅವನಿಗೆ ಅರ್ಥ ಆಗೋ ಹಂಗೆ ಹೇಳ್ದೆ. "ಕಾಲುವೆ ಬದು ಕೊರೆದು ಗುಂಡಿ ಬಿದ್ದಿತ್ತು ಭಾವ. ತುಂಬ್ಸವ್ರೆ. ಈಗ ನೀರು ನೆಟ್ಟಗೆ ಹೋಯ್ತದೆ."

ಅಷ್ಟಕ್ಕೇ ನಿಲ್ಲಿಸ್ಬುಟ್ಟೆ. ಅವನ ಮುಖ ಅರಳ್ತು ನೋಡಿ — ಮಿಕ್ಕಿದ್ದು ಬಾಯಿಗೆ ಬರ್ಲಿಲ್ಲ. ನಾಳೆ ಹೇಳಾನ, ನಾಡಿದ್ದು ಹೇಳಾನ...

ಅಕ್ಕ ಎದ್ದು ಕೂತ್ಲು. "ಹುಳ ಸಾಕಿದ್ದಕ್ಕೆ ನನ್ ತಲೇಲೇ ಗೂಡು ಕಟ್ಸುದ್ರೇನ್ಲಾ?" ಅಂತ ಅವಳೇ ನಗಿಸಿದ್ಲು. ಆಗ್ಲೂ ಹೇಳ್ಲಿಲ್ಲ. ಆರು ತಿಂಗ್ಳಾದ್ಮೇಲೆ ಒಂದ್ಸಲ ತೋರ್ಸ್ಕಂಡು ಬರ್ಬೇಕು ಅಂತಷ್ಟೇ ಅಂದೆ.

ಆರು ತಿಂಗ್ಳು ತುಂಬೋ ಹೊತ್ಗೆ ಹುಳ ಹಣ್ಣಾಗಿದ್ವು. ಹಣ್ಣಾದ ಹುಳಾನ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆಗೆ, ಆ ದೊಡ್ಡ ಬಿದಿರು ತಟ್ಟೆಗೆ, ಬಿಡ್ದೆ ಇದ್ರೆ ಬೆಳೆ ಹೋದಂಗೆ. ಆವಾಗ ಮನೆ ಬುಟ್ಟು ಯಾರೂ ಕದಲಲ್ಲ. ಅಕ್ಕ ಫೋನ್ ಮಾಡಿದ್ಲು. "ಹೋಗ್ಲೇಬೇಕೇನ್ಲಾ ಸೋಮ? ನೀನು ಹೂಂ ಅಂದ್ರೆ ಹುಳ ಹಾಳಾದ್ರೂ ಬತ್ತೀನಿ."

ನಂಗೆ ರಜೆ ಕೇಳೋಕೆ ಹೆದ್ರಿಕೆ. ಇಷ್ಟು ದಿನ ಮುಚ್ಚಿಟ್ಟಿದ್ದನ್ನ ಈಗ ಹೆಂಗೆ ಬಿಚ್ಚೋದು ಅಂತ್ಲೂ ಹೆದ್ರಿಕೆ. "ವಾಸಿಯಾಗೈತಲ್ಲಕ್ಕ, ಗೂಡು ಬಿಡಿಸ್ಕಂಡು ಹೋಗಾನ ಬುಡು" ಅಂದೆ.

ಗೂಡು ಬಿಡಿಸೋಕೆ ಅವಳಿರ್ಲಿಲ್ಲ. ಚಂದ್ರಿಕೆ ಎತ್ತಿ ಅಂಗಳಕ್ಕೆ ಇಡೋವಾಗ ಬಿದ್ದೋಳು, ಕನಕಪುರ ಮುಟ್ಟೋಷ್ಟ್ರಲ್ಲಿ...

ಹೋಗಿದ್ರೆ ಬದುಕ್ತಿದ್ಲಾ? ಗೊತ್ತಿಲ್ಲ. ಬದುಕ್ತಿರ್ಲಿಲ್ಲ ಅಂತ ಸಮಾಧಾನ ಮಾಡ್ಕಳೋಕೆ ನಂಗೆ ಹಕ್ಕೂ ಇಲ್ಲ.

ಅದಕ್ಕಿಂತ ಕೆಟ್ಟದ್ದು ಆಮೇಲಿಂದು. "ಚಂದ್ರಿಕೆ ಎತ್ತು ಅಂದೋನು ನಾನೇ ಕಣ್ಲಾ, ನಾನೇ ಕೊಂದ್ಬುಟ್ಟೆ" ಅಂತ ಭಾವ ಇಷ್ಟು ವರ್ಷ ಅಂದ್ಕಂಡೇ ಬದುಕ್ದ. ನಾನು ಅವನ ಪಕ್ಕದಲ್ಲೇ ಕೂತು "ಹಣೆಬರ ಭಾವ, ಏನ್ ಮಾಡಕಾಯ್ತದೆ" ಅಂತಿದ್ದೆ. ಅವನ ಮನೇಲೇ ಉಂಡು ಬತ್ತಿದ್ದೆ.

ಮೊನ್ನೆ ಸಾತನೂರು ಬಸ್ ಹತ್ತಿದೆ. ಭಾವ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ತಿದ್ದ. ನಿಂತ ಕಾಲಲ್ಲೇ ಎಲ್ಲಾ ಹೇಳ್ದೆ. ಬೈತಾನೆ, ಹೊಡೀತಾನೆ ಅಂದ್ಕಂಡಿದ್ದೆ. ಹೊಡೆದಿದ್ರೆ ಚೆನ್ನಾಗಿರ್ತಿತ್ತು. ಅವನು ಗುದ್ದಲಿ ಊರ್ಕಂಡು ಕೇಳಿದ್ದು ಇಷ್ಟೇ.

"ಬುಡದಲ್ಲಿ ತೂತು ಉಳಿದೈತೆ ಅಂತ ಅವತ್ತೇ ಅಂದಿದ್ರೆ, ನಂಗೆ ಗೊತ್ತಾಗ್ತಿರ್ಲಿಲ್ವೇನ್ಲಾ?"

ಗೊತ್ತಾಗ್ತಿತ್ತು. ಜೀವಮಾನವೆಲ್ಲಾ ನೀರು ಕಾದೋನು ಅವನು.

ಅವನು ಅತ್ಲಾಗೆ ತಿರುಗಿ ಒಡೆದಿದ್ದ ಬದುಗೆ ಮಣ್ಣು ಹಾಕ್ದ. ಕಾಲಲ್ಲಿ ತುಳಿದ. ಆಮೇಲೆ ಬಗ್ಗಿ, ಬುಡದಲ್ಲಿ ಕೈಯಾಡಿಸಿ ನೋಡ್ದ — ಎಲ್ಲಾದ್ರೂ ಇನ್ನೂ ಜಿನುಗ್ತೈತಾ ಅಂತ.