ಹೆಂಗಸರ ಭಾರಕ್ಕೆ ಜೀಪಿನ ಟೈರು

ಗಂಡಸಿ ಊರಿನ ಜವರಣ್ಣನ ಮನೆಗೆ ಟ್ರ್ಯಾಕ್ಟರ್ ಬಂದರೂ ಹೆಂಡತಿ ದೇವೀರಮ್ಮನ ಕೆಲಸ ಕಡಿಮೆಯಾಗಲಿಲ್ಲ. ತಲೆಯ ಮೇಲೆ ಹೊರುತ್ತಿದ್ದ ಗೊಬ್ಬರವನ್ನು ಈಗ ಟ್ರೇಲರಿಗೆ ತುಂಬಬೇಕಿತ್ತು, ಅಷ್ಟೆ. ತುಂಬುವವಳೂ ಇಳಿಸುವವಳೂ ಅವಳೇ. ಸೀಟಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನನ್ನು ಊರು ದುಡಿಮೆಗಾರ ಅನ್ನುತ್ತಿತ್ತು.

ತೊಂಬತ್ತೆಂಟರಲ್ಲಿ ಹಳೇಬೀಡಿನ ಕಡೆ ಅಮ್ಮನವರ ತೋಪಿನಲ್ಲಿ ಪರ ಮಾಡುವುದೆಂದಾಯಿತು. ಪರವೆಂದರೆ ದೇವರಿಗೆ ಮರಿ ಕಡಿದು ನೆಂಟರಿಗೆ ಊಟ ಹಾಕುವುದು. ಗಂಡಸರಿಗೆ ನೆರಳು, ಇಸ್ಪೀಟು. ಹೆಂಗಸರಿಗೆ ಅದೇ ಅಡುಗೆಮನೆ, ಬಿಸಿಲಿನಲ್ಲಿ.

ಟ್ರೇಲರಿನ ಎರಡೂ ಟೈರು ಸವೆದು ನೂಲು ಕಾಣುತ್ತಿತ್ತು. ಏಳು ತಿಂಗಳ ಬಸುರಿ ಮಗಳು ಕೋಮಲಳೂ ಅದರಲ್ಲೇ ಬರಬೇಕು. ಆ ದಿಗಿಲಿಗೇ ದೇವೀರಮ್ಮ ಗಂಡನ ಹಿಂದೆ ಅರಸೀಕೆರೆಯ ಟೈರಂಗಡಿಗೆ ಹೋದಳು.

“ಏನ್ ಲೋಡ್ ಹಾಕ್ತೀರಾ ಜವರಣ್ಣ?” ಅಂಗಡಿಯವನು ಕೇಳಿದ.

“ಲೋಡೇನಿಲ್ಲ ಕಣ್ಲಾ. ಪರಕ್ಕೆ ಹೋಗ್ಬೇಕು. ಹೆಂಗಸ್ರು, ಪಾತ್ರೆ, ಅಷ್ಟೇಯ.”

“ಎಷ್ಟು ಜನ?”

“ಅವರ್ನೇನ್ ಎಣಿಸೋದು, ಹತ್ತಿದಷ್ಟು.”

ಬಿಕ್ಕೋಡು ಊರಿನ ಜೀಪೊಂದರಿಂದ ಬಿಚ್ಚಿದ ಒಂದು ಜೊತೆ ಟೈರು ಮೂಲೆಯಲ್ಲಿತ್ತು. ಜವರಣ್ಣ ಕಾಲಿನಿಂದ ಒದ್ದು ನೋಡಿದ. ಅವನ ಪರೀಕ್ಷೆಯೆಲ್ಲ ಅಷ್ಟೇ. ಟೈರಿನ ಹಲ್ಲು ಸವೆದಿಲ್ಲ, ಚೆನ್ನಾಗಿವೆ ಎಂದ.

“ಪಕ್ಕ ಮೆತ್ತಗೈತೆ, ಭಾರಕ್ಕೆ ಉಬ್ಬುತ್ತೆ. ಲೋಡ್ ಟೈರ್ ತಗೊಳ್ಳಿ,” ಅಂಗಡಿಯವನೆಂದ.

“ಅವನು ಹೇಳೋದು ಕೇಳಿ,” ದೇವೀರಮ್ಮ ಅಂದಳು.

“ಟೈರಿನ ವಿಚಾರ ನಿಂಗ್ಯಾಕೆ? ಖಾರ ಅರೆಯೋ ವಿಚಾರ ನೋಡ್ಕೊ.”

ಜೀಪಿನ ಟೈರೇ ಬಂತು.

ಪರದ ಬೆಳಿಗ್ಗೆ ಟ್ರೇಲರಿಗೆ ಹಂಡೆ, ಕೊಳಗ, ಒರಳುಕಲ್ಲು, ಸೌದೆ, ಅಕ್ಕಿಮೂಟೆ ಏರಿದವು. ಮೇಲೆ ಓರಗಿತ್ತಿಯರು, ನಾದಿನಿಯರು, ಕಂಕುಳಲ್ಲಿ ಕೂಸುಗಳು. ಜವರಣ್ಣನ ಅಣ್ಣನೂ ಉಳಿದ ಗಂಡಸರೂ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತರು. ಟೈರುಗಳ ಪಕ್ಕ ಗಂಟಲುವಾಳ ಬಂದವರ ಕತ್ತಿನಂತೆ ಉಬ್ಬಿತು.

ಜವರಣ್ಣ ಬಗ್ಗಿ ನೋಡಿದ. “ದಪ್ಪನೋರು ಇಬ್ಬರು ಇಳೀರಿ. ಸರಿಹೋಯ್ತದೆ.”

“ಹಂಗಾರೆ ನಿಮ್ಮಣ್ಣನ್ನ, ನಿಮ್ಮನ್ನ ಇಳಿಸ್ಬೇಕು,” ಓರಗಿತ್ತಿ ಸಣ್ಣತಾಯಮ್ಮ ನಕ್ಕಳು.

ದೇವೀರಮ್ಮ ನಗಲಿಲ್ಲ. “ಕೋಮಲ, ಇಳಿಯೇ. ಬಸ್ಸಿಗೆ ಹೋಗಾನ.”

“ದೇವರ ಕಾರ್ಯಕ್ಕೆ ಅಪಶಕುನ ಆಡ್ತೀಯಾ?” ಜವರಣ್ಣ ಗದರಿದ.

“ನಂಬಿಕೆ ಇದ್ರೆ ನೀವು ಹಿಂದೆ ಕೂತ್ಕೊಂಡ್ ಬನ್ನಿ. ಟ್ರ್ಯಾಕ್ಟರ್ ನಿಮ್ಮಣ್ಣ ಓಡಿಸ್ಲಿ.”

ಜವರಣ್ಣ ಟೈರು ನೋಡಿದ, ಅಣ್ಣನನ್ನು ನೋಡಿದ, ಆಮೇಲೆ ಹಿಂದೆ ಕೂತರೆ ಧೂಳು ಜಾಸ್ತಿ ಅಂದ. ಆ ಒಂದು ಮಾತಿಗೆ ಟ್ರೇಲರಿನಲ್ಲಿದ್ದ ಹೆಂಗಸರೆಲ್ಲ, ಕೂಸುಗಳ ಸಮೇತ, ಇಳಿದರು.

ಬಸ್ಸಿನಲ್ಲಿ ಹೋದ ಹೆಂಗಸರು ಮೊದಲು ತೋಪು ಮುಟ್ಟಿದರು. ಉಬ್ಬಿದ ಟೈರಿನ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಕುಂಟುತ್ತ ಬಂದಾಗ ಬಿಸಿಲೇರಿತ್ತು. ಗಂಡಸರು ಹಂಡೆಯ ಸುತ್ತ ನಿಂತು, ಎಲ್ಲಿ ಹಿಡಿದು ಎತ್ತಬೇಕೆಂದು ಜಗಳಕ್ಕೆ ಬಿದ್ದರು. ಜವರಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಮರದಡಿ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ಏಳಲಿಲ್ಲ.