ಒಂದು ಬಡಿತ ಗಟ್ಟಿ, ಎರಡು ಬಡಿತ ಸಡಿಲ

ಯಾರ ಮನೆಗೆ ಹೋದರೂ ಆಕೆ ಮೊದಲು ನೋಡುತ್ತಿದ್ದದ್ದು ಮನೆಯವರ ಮುಖವನ್ನಲ್ಲ, ಚಾವಣಿಯನ್ನು. ಹಾಗಾಗಿ ಓಣಿಯವರು ಮೇಲ್ನೋಟದಕ್ಕ ಎಂದೇ ಹೆಸರಿಟ್ಟಿದ್ದರು. ಸಾವಿನ ಮನೆಯಲ್ಲೂ ಕತ್ತೆತ್ತಿ, “ಆ ಮೂಲೇಲಿ ಬಿರುಕು ಬಿಟ್ಟಿದೆ” ಎಂದಿದ್ದಳಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾದಿನಿ ಗೊಣಗಿದ್ದಳು.

ಹಳೆಯ ದೊಡ್ಡ ಮನೆಗಳ ಚಾವಣಿಯ ನಡುವೆ, ದೀಪ ತೂಗುಹಾಕುವ ಕೊಕ್ಕೆಯ ಸುತ್ತ ಗಾರೆಯಲ್ಲಿ ಮಾಡಿದ ದೊಡ್ಡ ಹೂವೊಂದು ಇರುತ್ತದಲ್ಲ, ಅದನ್ನು ರಿಪೇರಿ ಮಾಡುವುದು ಅವಳ ಮತ್ತು ಅವಳ ಗಂಡನ ಕಸುಬು. ಅವಳು ಹಗುರ. ಚಾವಣಿಯ ಕೆಳಗೆ ಕಟ್ಟಿದ ಅಟ್ಟಣಿಗೆ ಹತ್ತಿ, ಮೊದಲು ಬೀಳದಂತೆ ಹೂವಿನ ನಡುಭಾಗಕ್ಕೆ ಒಂದು ಕಂಬ ಆನಿಸಿ, ಆಮೇಲೆ ಎಸಳೊಂದೊಂದನ್ನೂ ಗೆಣ್ಣಿನಿಂದ ಬಡಿಯುವಳು. ಅವನು ಮಹಡಿಯಲ್ಲಿ ನೆಲದ ಹಲಗೆಗೆ ಕಿವಿಯಿಟ್ಟು ಮಲಗಿರುವನು. ಗಟ್ಟಿ ಗಾರೆಯ ಸದ್ದೇ ಬೇರೆ, ಒಳಗೆ ಟೊಳ್ಳಾದದ್ದರ ಸದ್ದೇ ಬೇರೆ. ಕೇಳಿದವನು ಮೇಲಿನಿಂದ ಉತ್ತರ ಬಡಿಯುವನು: ಗಟ್ಟಿಯಿದ್ದರೆ ಒಂದು ಸಲ, ಸಡಿಲವಿದ್ದರೆ ಎರಡು ಸಲ. ಆ ಬಡಿತ ಗಾರೆಗೆ ಒತ್ತಿದ ಇವಳ ಅಂಗೈಗೆ ತಾಗುತ್ತಿತ್ತು. “ಮೂವತ್ತು ವರ್ಷ ನಮ್ಮ ಮಧ್ಯೆ ಒಂದು ನೆಲ ಇತ್ತು, ಅದಕ್ಕೇ ಜಗಳ ಆಡೋಕೆ ಆಗ್ಲಿಲ್ಲ” ಎಂದು ಅವಳು ನಗುತ್ತಿದ್ದಳು.

ಅಂಗೈ ಸಾಕಾಗುತ್ತಿದ್ದುದರಿಂದಲೇ ಅವಳ ಕಿವಿ ಹೋಗುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಎದುರು ನಿಂತು ಆಡಿದ ಮಾತು ಕೇಳುತ್ತಿತ್ತು. ಗಡಿಯಾರದ ಟಿಕ್ ಟಿಕ್, ನಲ್ಲಿ ತೊಟ್ಟಿಕ್ಕುವುದು, ಇಂಥ ಸಣ್ಣ ಸದ್ದುಗಳು ಒಂದೊಂದಾಗಿ ಇಲ್ಲವಾದವು. ಹೇಳಿದರೆ ಗಂಡ ಕೆಲಸ ಬಿಡಿಸಿಯಾನು ಎಂದು ಅವಳು ಬಾಯಿ ಬಿಡಲಿಲ್ಲ.

ಕಳೆದ ವರ್ಷ ಒಂದು ದಿನ ಅವಳ ಮಂಡಿ ಊದಿಕೊಂಡು ಅಟ್ಟಣಿಗೆ ಹತ್ತಲಾಗಲಿಲ್ಲ. “ಇವತ್ತು ನೀನು ಮೇಲೆ ಮಲಗಿ ಕೇಳು, ನಾನು ಬಡೀತೀನಿ” ಎಂದ ಗಂಡ. ಆಗಲಾದರೂ ಹೇಳಬೇಕಿತ್ತು. ಅವಳು ಹೇಳದೆ, ಮೆಲ್ಲನೆ ಮೆಟ್ಟಿಲು ಹತ್ತಿ ಹೋಗಿ ಹಲಗೆಗೆ ಕೆನ್ನೆ ಇಟ್ಟಳು. ಅವನು ಬಡಿದದ್ದು ಕೆನ್ನೆಗೆ ತಾಗಿತೇ ಹೊರತು ಗಟ್ಟಿಯೋ ಟೊಳ್ಳೋ ತಿಳಿಯಲಿಲ್ಲ. ಎಲ್ಲದಕ್ಕೂ ಒಂದೇ ಸಲ ಬಡಿದಳು. ನಡುಭಾಗಕ್ಕೂ ಒಂದೇ. ಅವನು ನಂಬಿ ಕಂಬ ತೆಗೆದ. ಗೇಣು ದಪ್ಪದ ಗಾರೆ ಅವನ ತಲೆಯ ಮೇಲೆ ಬಿತ್ತು.

ಹಳೇ ಮನೆ, ಹಣೆಬರಹ, ಎಂದರು ಬಂದವರು. ಅವಳೂ ಹೌದು ಹಣೆಬರಹ ಎಂದಳು.

ವರ್ಷ ಕಳೆದ ಮೇಲೆ ತುಂಬು ಬಸುರಿಯೊಬ್ಬಳು ಬಾಗಿಲಿಗೆ ಬಂದಳು, ಮೇಲಿನ ಬೀದಿಯ ಹಳೆ ಮನೆಯ ಸೊಸೆ. “ತೊಟ್ಟಿಲು ಇಡೋದು ಆ ಗಾರೆಹೂವಿನ ಕೆಳಗೇ, ಅಕ್ಕ. ಬೇರೆ ಕಡೆ ಜಾಗ ಇಲ್ಲ. ನೀವು ಗಟ್ಟಿ ಇದೆ ಅಂದ್ರೆ ನಂಗೆ ಧೈರ್ಯ.” ಆಗೋದಿಲ್ಲ ಅನ್ನಬೇಕಾದರೆ ಕಾರಣ ಹೇಳಬೇಕಿತ್ತು. ಕಾರಣ ಹೇಳುವ ಬದಲು ಒಪ್ಪಿಕೊಂಡಳು.

ಕೆಲಸಕ್ಕೆ ಮೊದಲು ಮಹಡಿ ನೋಡಿ ಬಂದಳು. ಗೆದ್ದಲು ಹಿಡಿದ ಹಲಗೆಗಳನ್ನೆಲ್ಲ ಕಿತ್ತು ಹಾಕಿದ್ದರು. ಬರೀ ತೊಲೆಗಳು, ಬೆಕ್ಕು ಕೂಡ ಯೋಚಿಸಿ ಕಾಲಿಡುವಂಥ ಜಾಗ. ಸೊಸೆ ಮಹಡಿಯ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಕಂಬ ಆನಿಸಿ, ಅಭ್ಯಾಸಬಲದಿಂದ ಎಡ ಅಂಗೈಯನ್ನು ಗಾರೆಗೆ ಒತ್ತಿ, ಬಲಗೈಯಿಂದ ಮೊದಲ ಎಸಳನ್ನು ಬಡಿದಳು.

ಅಂಗೈಗೆ ಒಂದು ಬಡಿತ ತಾಗಿತು.

ಮರ ಬಿಸಿಲಿಗೆ ಬಿರಿದಿರಬೇಕು ಎಂದುಕೊಂಡು ಎರಡನೆಯದನ್ನು ಬಡಿದಳು. ಒಂದು. ಮೂರನೆಯದಕ್ಕೂ ಒಂದು. ನಾಲ್ಕನೆಯದಕ್ಕೆ ಎರಡು. ಅಲ್ಲಿ ಚಾಕುವಿನ ಮೊನೆ ಆಡಿಸಿದರೆ ಗಾರೆ ಹಿಟ್ಟಿನ ಹಾಗೆ ಉದುರಿತು.

ಅಟ್ಟಣಿಗೆ ಇಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಮೇಲೆ ಯಾರಾದ್ರೂ ಇದ್ದಾರಾ?”

“ನಿಲ್ಲೋಕೇ ಜಾಗ ಇಲ್ವಲ್ಲ ಅಕ್ಕ. ಇಲಿ ಇರ್ಬೇಕು” ಎಂದಳು ಸೊಸೆ, ಸೊಂಟದ ಬೀಗದಕೈ ಮುಟ್ಟಿಕೊಂಡು.

ಎಣಿಸಲು ಬರುವ ಇಲಿಯನ್ನು ಅವಳು ಕಂಡಿರಲಿಲ್ಲ. ಆದರೂ ಮತ್ತೆ ಹತ್ತಿದಳು, ಏಕೆಂದರೆ ಆ ಬಡಿತ ಅವಳಿಗೆ ಗೊತ್ತಿತ್ತು. ಎರಡು ಸಲ ಬಡಿಯುವಾಗ ಎರಡನೆಯದನ್ನು ತುಸು ತಡೆದು ಬಡಿಯುವುದು ಒಬ್ಬನದೇ ಅಭ್ಯಾಸ. ಹದಿನಾರು ಎಸಳು ಮುಗಿಯುವಷ್ಟರಲ್ಲಿ ಐದಕ್ಕೆ ಸೀಮೆಸುಣ್ಣದ ಗುರುತು ಬಿತ್ತು. ಐದನ್ನೂ ಚಾಕುವಿನಿಂದ ಪರೀಕ್ಷಿಸಿದಳು, ಒಂದೂ ಸುಳ್ಳಾಗಲಿಲ್ಲ. ಅವಳಿಗೆ ಅಳು ಬಂತು, ಸಂತೋಷವೂ ಆಯಿತು. ಕೋಪ ಇದ್ದವನು ಇಷ್ಟು ನಿಜ ಹೇಳುತ್ತಾನೆಯೇ?

ಉಳಿದದ್ದು ನಡುಭಾಗ. ಅಲ್ಲಿ ಗಾರೆ ದಪ್ಪ, ಚಾಕು ಇಳಿಯುವುದಿಲ್ಲ, ಬಡಿದೇ ತಿಳಿಯಬೇಕು. ಬಡಿದಳು.

ಒಂದು.

ಕಂಬದ ಮೇಲೆ ಕೈಯಿಟ್ಟಳು. ಎಳೆದರೆ ಕೆಲಸ ಮುಗಿಯಿತು. ಕೈ ಅಲುಗಲಿಲ್ಲ. ಅವತ್ತು ನಡುಭಾಗಕ್ಕೆ ಅವಳು ಕೊಟ್ಟದ್ದೂ ಇದೇ ಒಂದು. ಕೊಟ್ಟದ್ದನ್ನೇ ಅವನು ಹಿಂದಕ್ಕೆ ಕೊಡುತ್ತಿದ್ದಾನೆ ಎನ್ನಿಸಿತು. ಈಗ ತನ್ನ ಮೇಲೆ ಬೀಳದಿದ್ದರೆ ನಾಳೆ ತೊಟ್ಟಿಲ ಮೇಲೆ ಬೀಳುತ್ತದೆ. ಮತ್ತೆ ಬಡಿದಳು. ಮತ್ತೆ ಒಂದೇ, ಆಮೇಲೆ ಅವನು ಏನನ್ನೋ ಕಾಯುತ್ತಿರುವಂತೆ ಇತ್ತು.

ಅವಳು ಹಣೆಯನ್ನು ಗಾರೆಗೆ ತಾಗಿಸಿದಳು.

“ಅವತ್ತು ನಂಗೆ ಏನೂ ಕೇಳಿಸ್ಲಿಲ್ಲ ಕಣೋ. ನಾಲ್ಕು ವರ್ಷದಿಂದ ಕೇಳಿಸ್ತಿರ್ಲಿಲ್ಲ. ಕೆಲಸ ಬಿಡಿಸ್ತೀಯ ಅಂತ ಹೇಳ್ಲಿಲ್ಲ. ಸುಮ್ನೆ ಬಡಿದುಬಿಟ್ಟೆ.”

ಆಮೇಲೆ, ಅವನ ಅಭ್ಯಾಸದಂತೆ ತಡೆದು, ಎರಡನೆಯ ಬಡಿತ ಅವಳ ಹಣೆಗೆ ತಾಗಿತು.

ಕಂಬದಿಂದ ಕೈ ತೆಗೆದು ನಿಧಾನವಾಗಿ ಇಳಿದು ಬಂದಳು. ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. “ಗಟ್ಟಿ ಇದೆಯಾ ಅಕ್ಕ?”

ಮೇಲ್ನೋಟದಕ್ಕ ಮೊದಲ ಸಲ ಚಾವಣಿ ಬಿಟ್ಟು ಎದುರಿನವಳ ಮುಖ ನೋಡಿದಳು.

“ಇಲ್ಲ ತಾಯಿ. ನಡುವಿಂದು ಸಡಿಲ ಇದೆ, ಆ ಕಂಬ ಮುಟ್ಬೇಡಿ. ಕಿವಿ ಚೆನ್ನಾಗಿರೋರನ್ನ ಕರೆಸಿ. ನಂಗೆ ಕೇಳಿಸಲ್ಲ. ನನ್ನ ಗಂಡ ಸತ್ತಿದ್ದೂ ಅದಕ್ಕೇ.”