ಶಿವರುದ್ರಮ್ಮ ಕೊಟ್ಟ ಸವುಳು ನೀರು

ಊರಿನ ಹೆಸರು ಹಾಲುಕಟ್ಟೆಪಾಳ್ಯ. ಊರ ಬಾವಿಯಲ್ಲಿದ್ದದ್ದು ಮಾತ್ರ ಬಾಯಿಗಿಡಲಾಗದ ಸವುಳು ನೀರು. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಹಿಡಿದು ಕೂರಿಸಿ ಒಂದು ತಂಬಿಗೆ ಕುಡಿಸಬೇಕಿತ್ತು. ಗುಬ್ಬಿಯಿಂದ ದಕ್ಷಿಣಕ್ಕೆ, ಕುಣಿಗಲ್ ತಾಲ್ಲೂಕಿನ ಗಡಿಗೆ ಅಂಟಿಕೊಂಡಿದ್ದ ಸಣ್ಣ ಊರು ಅದು. ಬಾವಿಯೇನೋ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ನೀರು ಕನ್ನಡಿ ಹಾಗೆ ತಿಳಿ. ಆದರೆ ಅದರಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ. ಕುಡಿಯುವ ನೀರಿಗೆ ಗುಡ್ಡ ಹತ್ತಿ ಇಳಿದು, ಆಚೆ ಹಳ್ಳದ ಮರಳಿನಲ್ಲಿ ಚಿಲುಮೆ ತೋಡಿ, ಒಸರಿದ್ದನ್ನು ತೆಂಗಿನ ಕರಟದಲ್ಲಿ ಮೊಗೆದು ಮೊಗೆದು ಕೊಡ ತುಂಬಿಸಬೇಕಾಗಿತ್ತು. ಆಮೇಲೆ ಆ ಕೊಡ ಹೊತ್ತು ಮತ್ತೆ ಗುಡ್ಡ ಹತ್ತಬೇಕು.

ಶಿವರುದ್ರಮ್ಮ ಯಡಿಯೂರು ಕಡೆಯ ಹೆಣ್ಣುಮಗಳು. ಮದುವೆಯಾಗಿ ಬಂದ ಮಾರನೆಯ ದಿನವೇ ಅತ್ತೆ ಕೈಗೆ ಕೊಡ ಕೊಟ್ಟು ಗುಡ್ಡ ತೋರಿಸಿದ್ದರು. ಗಂಡ ಬೇಗ ತೀರಿಕೊಂಡ; ಒಬ್ಬನೇ ಮಗ ಚನ್ನಬಸವಯ್ಯನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದರು. ಬಾಯಿ ಜೋರು, ಕೈ ಧಾರಾಳ. ಅವರ ಜಗಲಿಗೆ ಬಳೆಗಾರ ಬರಲಿ, ಜಂಗಮರು ಬರಲಿ, ಜಪ್ತಿಗೆ ಅಂತ ಬಂದ ಅಮೀನನೇ ಇರಲಿ, ಮೊದಲು ಒಂದು ತುಂಡು ಬೆಲ್ಲ, ತಂಬಿಗೆ ತುಂಬ ಚಿಲುಮೆ ನೀರು. ಆ ಊರಲ್ಲಿ ಸವುಳು ನೀರು ಇದ್ದದ್ದು ದನಕ್ಕೆ, ಮುಸುರೆಗೆ. ಬಂದವರಿಗೆ ಸವುಳು ನೀರು ಕೊಟ್ಟರೆ ‘ಎದ್ದು ಹೋಗು, ಇನ್ನು ಬರಬೇಡ’ ಎಂದು ಹೇಳಿದ ಹಾಗೆ. ದಾಯಾದಿಗಳಿಗೂ ಯಾರೂ ಹಾಗೆ ಮಾಡಿದವರಿಲ್ಲ.

ಚನ್ನಬಸವಯ್ಯನಿಗೆ ಕುಣಿಗಲ್ಲಿನಿಂದ ಹೆಣ್ಣು ತಂದರು. ಉಮಾಮಹೇಶ್ವರಿ ಅಂತ, ಕುಣಿಗಲ್ ಕೆರೆಯ ನೀರು ಕುಡಿದು ಬೆಳೆದ ಹುಡುಗಿ. ಗುಡ್ಡ ಹತ್ತಿ ಗೊತ್ತಿಲ್ಲ, ಪಾಪ. ಏಳು ತಿಂಗಳ ಬಸುರಿ, ಅತ್ತೆ ಬೇಡ ಎಂದರೂ ಕೇಳದೆ ನೀರಿಗೆ ಹೋಗಿ ಬಂಡೆಯ ಮೇಲೆ ಕಾಲು ಜಾರಿ ಬಿದ್ದಳು. ಕೂಸು ಉಳಿಯಲಿಲ್ಲ. ಅವಳಪ್ಪ ಸಿದ್ದಗಂಗಯ್ಯ ಗಾಡಿ ಕಟ್ಟಿಕೊಂಡು ಬಂದು ಮಗಳನ್ನು ಕೂರಿಸಿಕೊಂಡು, ಶಿವರುದ್ರಮ್ಮನಿಗೆ ಕೈ ಮುಗಿದು, “ನಿಮ್ಮ ಮೇಲೆ ಕೋಪ ಇಲ್ಲ ಬೀಗಿತ್ತಿ. ಊರೊಳಗೆ ಸಿಹಿನೀರು ಬಂದ ದಿನ ನಾನೇ ಕರ್ಕೊಂಡು ಬಂದು ಬಿಡ್ತೀನಿ. ಅಲ್ಲೀಗಂಟ ಕಳಿಸಾಕಿಲ್ಲ,” ಎಂದ. ಆಡಿದ್ದರಲ್ಲಿ ತಪ್ಪೇನಿತ್ತು ಹೇಳಿ?

ಮಾರನೆಯ ವಾರವೇ ಶಿವರುದ್ರಮ್ಮ ಪಟೇಲ ಗುಂಡಯ್ಯನನ್ನು ಎಬ್ಬಿಸಿಕೊಂಡು ಗುಬ್ಬಿಗೆ ನಡೆದು, ಅಲ್ಲಿಂದ ರೈಲು ಹತ್ತಿ ತುಮಕೂರಿಗೆ ಹೋದರು. ಆ ಭಾಗದ ಎಮ್ಮೆಲ್ಲೆ ಚಂದ್ರಶೇಖರಯ್ಯನವರ ಮನೆ ಚಿಕ್ಕಪೇಟೆಯಲ್ಲಿತ್ತು. ವಕೀಲರಾಗಿದ್ದವರು. ಆಹಾ, ಅದೊಂದು ಕಾಲ! ಎಮ್ಮೆಲ್ಲೆ ಮನೆ ಬಾಗಿಲಲ್ಲಿ ಪೊಲೀಸು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಪಡಸಾಲೆಯ ತುಂಬ ರುಮಾಲುಗಳು: ಒಬ್ಬನಿಗೆ ಇಸ್ಕೂಲು ಬೇಕು, ಒಬ್ಬನಿಗೆ ಕೆರೆ ತೂಬು ರಿಪೇರಿ ಆಗಬೇಕು, ಇನ್ನೊಬ್ಬ ಬರೀ ಉಪ್ಪಿಟ್ಟು ತಿನ್ನೋಕೆ ಬಂದವನು. ಎಮ್ಮೆಲ್ಲೆಯವರ ಹೆಂಡತಿ ಕೌಸಲ್ಯಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗೂ ಮುತ್ತುಗದ ಎಲೆಯಲ್ಲಿ ಬಡಿಸುತ್ತಿದ್ದರು, ಯಾರು ಯಾವ ಊರೆಂದು ಕೇಳುತ್ತಿರಲಿಲ್ಲ.

“ಬುದ್ದೀ, ರಸ್ತೆ ಗಿಸ್ತೆ ಎಲ್ಲ ಆಮೇಲೆ ಇಟ್ಕಳಿ. ಊರೊಳಗೆ ಒಂದು ಸಿಹಿನೀರ ಬಾವಿ ತೋಡಿಸ್ಕೊಡಿ. ನನ್ನ ಸೊಸೆ ಮನೆಗೆ ಬರಬೇಕು,” ಎಂದರು ಶಿವರುದ್ರಮ್ಮ.

“ಬಂಡೆ ಸಿಡಿಸಿ ಆಳಕ್ಕೆ ಹೋಗಬೇಕಮ್ಮ, ಊರವರ ಕೈಲಿ ಆಗೋ ಕೆಲಸ ಅಲ್ಲ. ನೀರಿನ ಕಷ್ಟ ಇದೆ ಅಂತ ಎಂಜಿನಿಯರ್ ಬಂದು ನೋಡಿ ಬರೀಬೇಕು. ನಾನೇ ಕರ್ಕೊಂಡು ಬರ್ತೀನಿ,” ಎಂದರು ಚಂದ್ರಶೇಖರಯ್ಯ.

ಹೇಳಿದ ಹಾಗೆ ಬಂದರು. ಜೀಪು ಕಂಡು ಊರಿಗೆ ಊರೇ ಸೇರಿತು. ಎಂಜಿನಿಯರ್ ಹ್ಯಾಟು ಹಾಕಿಕೊಂಡು ಬಾವಿಯೊಳಗೆ ಇಣುಕಿದ. ತುಂಬಿದ ಬಾವಿ, ತಳ ಕಾಣುವಂಥ ನೀರು. ಆಮೇಲೆ ಇಬ್ಬರೂ ಶಿವರುದ್ರಮ್ಮನ ಜಗಲಿಗೆ ಬಂದರು. ಸರ್ಕಾರವೇ ಮನೆಗೆ ಬಂದಿರುವಾಗ ಶಿವರುದ್ರಮ್ಮ ಏನು ಮಾಡಿದರು ಅಂತೀರಿ? ಕೋಳಿ ಕೂಗೋ ಮುಂಚೆಯೇ ಗುಡ್ಡ ಹತ್ತಿ ಇಳಿದು ತಂದಿದ್ದ ಚಿಲುಮೆ ನೀರನ್ನು ಹೊಸ ಮಡಕೆಯಲ್ಲಿ ತಣ್ಣಗೆ ಮಾಡಿ, ಬೆಲ್ಲದ ಜೊತೆ ತಂದಿಟ್ಟರು. ಬಿಸಿಲಲ್ಲಿ ಬೆಂದಿದ್ದ ಎಂಜಿನಿಯರ್ ಗಟಗಟ ಕುಡಿದ.

“ನಮ್ಮ ಬಾವಿ ನೀರು ಸರಿಯಿಲ್ಲ ಸ್ವಾಮಿ,” ಎಂದು ಗುಂಡಯ್ಯ ಶುರು ಮಾಡಿದ.

“ಇದನ್ನ ಸರಿಯಿಲ್ಲ ಅಂದ್ರೆ ನಾಲಗೆ ಬಿದ್ದುಹೋಗುತ್ತೆ ಪಟೇಲರೇ! ಎಳನೀರು ಇದ್ದ ಹಾಗಿದೆ,” ಎಂದು ಎಂಜಿನಿಯರ್ ಮೀಸೆ ಒರೆಸಿಕೊಂಡ.

ಗುಂಡಯ್ಯ ಮತ್ತೆ ಬಾಯಿ ತೆರೆದ. ಬಾಗಿಲ ಹಿಂದಿದ್ದ ಶಿವರುದ್ರಮ್ಮ ಕಣ್ಣಲ್ಲೇ ಗದರಿಸಿ ಸುಮ್ಮನಾಗಿಸಿದರು. ಕುಡಿಯುತ್ತಾ ಕೂತ ಅತಿಥಿಗೆ ‘ಇದನ್ನ ಅಷ್ಟು ದೂರದಿಂದ ಹೊತ್ತು ತಂದದ್ದು’ ಎನ್ನುವುದು ಕೊಟ್ಟದ್ದನ್ನು ಆಡಿ ತೋರಿಸಿದ ಹಾಗಲ್ಲವೇ? ಮರ್ಯಾದಸ್ಥರು ಆಡೋ ಮಾತೇ ಅದು? ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ತಿಂಗಳಾದ ಮೇಲೆ ತುಮಕೂರಿಂದ ಸುದ್ದಿ ಬಂತು: ಊರಲ್ಲಿ ಬಾವಿ ಇದೆ, ನೀರು ಬೇಕಾದಷ್ಟಿದೆ, ರುಚಿಯಾಗಿದೆ, ಇನ್ನೊಂದು ಬಾವಿ ಬೇಕಿಲ್ಲ.

ಶಿವರುದ್ರಮ್ಮ ಈ ಸಲ ಒಬ್ಬರೇ ರೈಲು ಹತ್ತಿದರು. ನಡೆದದ್ದನ್ನೆಲ್ಲ ಕೇಳಿ ಚಂದ್ರಶೇಖರಯ್ಯ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆಕೆಯ ಮುಖ ನೋಡಿ ನಗು ನಿಲ್ಲಿಸಿದರು.

“ಅಲ್ಲ ತಾಯಿ, ನಾನೂ ಅದೇ ನೀರು ಕುಡಿದು ಬಂದು, ಈ ಊರಿಗೇನು ಕಷ್ಟ ಅಂದ್ಕೊಂಡೆನಲ್ಲ! ಬೆಂಗಳೂರಿಂದ ದೊಡ್ಡ ಎಂಜಿನಿಯರನ್ನೇ ಕರ್ಕೊಂಡು ಬರ್ತೀನಿ. ಆದರೆ ಒಂದು ಮಾತು. ಅವತ್ತು ನೀವು ಊರ ಬಾವಿ ನೀರೇ ಕೊಡಬೇಕು.”

“ಅದೊಂದು ಬುಟ್ಟು ಬೇರೆ ಏನಾದ್ರೂ ಹೇಳಿ ಬುದ್ದಿ.”

“ಮೊದಲು ನಾನು ಕುಡೀತೀನಿ. ನಾನಾಗಿ ಕೇಳಿ ಕುಡಿದರೆ ನಿಮಗೆ ಪಾಪ ಇಲ್ಲ.”

“ಪಾಪ ಯಾರ್ದು ಅಂತ ಶಿವ ನೋಡ್ಕತಾನೆ ಬುಡಿ,” ಎಂದು ಶಿವರುದ್ರಮ್ಮ ಕಣ್ಣೊರೆಸಿಕೊಂಡರು. ಕುಣಿಗಲ್ಲಿನಲ್ಲಿ ಕೂತಿದ್ದ ಸೊಸೆಯನ್ನು ನೆನೆದು ಕೊನೆಗೆ ಹೂಂ ಅಂದರು.

ದೊಡ್ಡ ಎಂಜಿನಿಯರನ್ನು ಹೊರಡಿಸೋದು ದೇವರನ್ನು ಹೊರಡಿಸಿದ ಹಾಗೆ. ಚಂದ್ರಶೇಖರಯ್ಯ ವಿಧಾನಸೌಧದ ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿದರೋ! ಮುಂದಿನ ಬೇಸಿಗೆಗೆ ಅಂತೂ ಕರೆತಂದರು. ಶಿವರುದ್ರಮ್ಮ ದೇವರ ಮುಂದೆ ದೀಪ ಹಚ್ಚಿ ತಪ್ಪಾಯ್ತು ಅಂತ ಮೊದಲೇ ಬೇಡಿಕೊಂಡು, ಊರ ಬಾವಿ ನೀರಿನ ತಂಬಿಗೆ ತಂದಿಟ್ಟರು. ಚಂದ್ರಶೇಖರಯ್ಯ ಎತ್ತಿಕೊಂಡು ಒಂದು ತಂಬಿಗೆ ಪೂರ್ತಿ ಕುಡಿದರು. ಮುಖ ಕಿವುಚಲಿಲ್ಲ. ಶಲ್ಯದಲ್ಲಿ ಬಾಯಿ ಒರೆಸಿಕೊಂಡು, “ಇವರಿಗೂ ಕೊಡಿ ತಾಯಿ,” ಎಂದರು. ದೊಡ್ಡ ಎಂಜಿನಿಯರ್ ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ಜಗಲಿಯ ಅಂಚಿಗೆ ಓಡಿ ಉಗಿದ.

ಊರು ಕೇಕೆ ಹಾಕಿತು. ಬಾವಿ ಬಂತು ಅಂತಲೇ ಲೆಕ್ಕ! ಶಿವರುದ್ರಮ್ಮ ಮಾತ್ರ ಒಳಗೆ ಹೋಗಿ ಒಲೆಯ ಮುಂದೆ ಕೂತು, “ಮನೆಗೆ ಬಂದ ದೊಡ್ಡೋರಿಗೆ ದನದ ನೀರು ಕುಡಿಸಿದೆನಲ್ಲೋ ಶಿವನೇ,” ಎಂದು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಮುಖ ತೊಳೆದುಕೊಂಡು ಜೀಪಿನ ಹತ್ತಿರ ಬಂದರು.

“ಬುದ್ದೀ, ಸಿಹಿನೀರು ಬಂದ ಮೇಲೆ ಇನ್ನೊಂದು ಸಲ ಬರಬೇಕು. ಇದೇ ಜಗಲಿ ಮೇಲೆ ಕೂತು ಕುಡೀಬೇಕು.”

“ಬರ್ತೀನಮ್ಮ, ಬರದೆ ಇರ್ತೀನಾ,” ಎಂದರು ಚಂದ್ರಶೇಖರಯ್ಯ.

ಬಾವಿ ಮಂಜೂರಾಯಿತು. ಊರ ಪಡುವಲಲ್ಲಿ ಬಂಡೆ ಸಿಡಿಸಿ ಕೆಲಸ ನಡೆಯುತ್ತಿರುವಾಗಲೇ ಅರವತ್ತೆರಡರ ಎಲೆಕ್ಷನ್ ಬಂತು. ಜನ ಚಂದ್ರಶೇಖರಯ್ಯನವರನ್ನು ಸೋಲಿಸಿದರು. ಯಾಕೆ ಅಂತ ನನ್ನ ಕೇಳಬೇಡಿ; ಅವರ ಮನೆ ಉಪ್ಪಿಟ್ಟು ತಿಂದವರನ್ನು ಕೇಳಿ. ಅದೇ ಬೇಸಿಗೆಯಲ್ಲಿ ಬಾವಿಯಲ್ಲಿ ಸಿಹಿನೀರು ಚಿಮ್ಮಿತು. ಗೆದ್ದವರು ಬಂದು ಹಾರ ಹಾಕಿಸಿಕೊಂಡು, ಕಟ್ಟೆಗೆ ತಮ್ಮ ಹೆಸರಿನ ಕಲ್ಲು ಹಾಕಿಸಿ ಹೋದರು. ಸಿದ್ದಗಂಗಯ್ಯ ಮಾತಿಗೆ ತಪ್ಪದೆ ಮಗಳನ್ನು ಕರೆತಂದು ಬಿಟ್ಟ.

ಉಮಾಮಹೇಶ್ವರಿ ಹೊಸ ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಹಂಡೆ ತುಂಬಿಸಿದಳು. ಶಿವರುದ್ರಮ್ಮ ಸೊಸೆಯನ್ನು ಕಣ್ತುಂಬ ನೋಡಿದರು, ತಮ್ಮ ಹಳೇ ಕೊಡ, ಕರಟ ತೆಗೆದುಕೊಂಡು ಗುಡ್ಡ ಹತ್ತಿದರು. ತಾವು ಸವುಳು ನೀರು ಕುಡಿಸಿದ ಚಂದ್ರಶೇಖರಯ್ಯನವರಿಗೆ ಸಿಹಿನೀರು ಕೊಡುವ ತನಕ ಆ ಬಾವಿಯ ಒಂದು ಹನಿಯೂ ತಮ್ಮ ಬಾಯಿಗೆ ಬೀಳಬಾರದು ಅಂತ ಆಣೆ ಇಟ್ಟುಕೊಂಡಿದ್ದರು. ಊರಿಗೆಲ್ಲ ಬಾವಿ ಕೊಡಿಸಿದ ಹೆಂಗಸು, ಊರಲ್ಲೆಲ್ಲ ಒಬ್ಬರೇ, ದಿನವೂ ಆ ಬಂಡೆಗಳ ಮೇಲೆ.

“ಒಂದು ಕೂಜದಲ್ಲಿ ತುಮಕೂರಿಗೇ ತಗೊಂಡು ಹೋಗಿ ಕೊಟ್ಟು ಬನ್ನಿ ಅತ್ತೆ, ಮುಗೀತಲ್ಲ,” ಎಂದಳು ಸೊಸೆ.

“ಅವಮಾನ ಮಾಡಿದ್ದು ನನ್ನ ಜಗಲಿ ಮೇಲೆ ಕಣೇ. ತೀರಬೇಕಾದ್ದೂ ಇಲ್ಲೇ. ಔಷಧಿ ಹಂಗೆ ರೈಲಲ್ಲಿ ತಗೊಂಡೋಗಿ ಕುಡಿಸಕ್ಕಾಯ್ತದಾ?”

ಚಂದ್ರಶೇಖರಯ್ಯ ಬರಲಿಲ್ಲ. ಸೋತವರಿಗೆ ಹಳ್ಳಿಗಳ ಕಡೆ ಮುಖ ತೋರಿಸೋಕೆ ಸಂಕೋಚ. ಕರಿ ಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಹೋಗುತ್ತಿದ್ದರು. ಪಡಸಾಲೆ ಖಾಲಿ ಹೊಡೆಯುತ್ತಿತ್ತು. ಎರಡು ವರ್ಷ ನೋಡಿದ ಚನ್ನಬಸವಯ್ಯ, ಒಂದು ದಿನ ಅವ್ವ ಗುಡ್ಡ ಇಳಿಯುವಾಗ ಮಂಡಿ ಹಿಡಿದು ಕೂತದ್ದನ್ನು ಕಂಡು, ಯಾರಿಗೂ ಹೇಳದೆ ತುಮಕೂರಿಗೆ ಹೋಗಿ ಅವರ ಮುಂದೆ ನಿಂತ.

“ನಮ್ಮವ್ವ ಇನ್ನೂ ಆ ಬಾವಿ ನೀರು ಮುಟ್ಟಿಲ್ಲ ಸ್ವಾಮಿ. ನಿಮಗೆ ಕಾಯ್ತಾವ್ರೆ.”

ಮಾರನೆಯ ದಿನ ಚಂದ್ರಶೇಖರಯ್ಯ ಗುಬ್ಬಿಯಲ್ಲಿ ಇಳಿದು, ಛತ್ರಿ ಹಿಡಿದುಕೊಂಡು, ಉದ್ದಕ್ಕೂ ನಡೆದೇ ಬಂದರು. ಶಿವರುದ್ರಮ್ಮ ಆಗಷ್ಟೇ ಗುಡ್ಡ ಇಳಿದು ಬಂದಿದ್ದರು, ಕೊಡ ಇನ್ನೂ ಸೊಂಟದ ಮೇಲೆ. ಜಗಲಿಯಲ್ಲಿ ಕೂತವರನ್ನು ನೋಡಿ ಹಾಗೇ ನಿಂತುಬಿಟ್ಟರು.

“ಜೀಪಿಲ್ಲ ತಾಯಿ. ಬಾವಿ ಕಲ್ಲಿನ ಮೇಲೆ ಹೆಸರೂ ನನ್ನದಲ್ಲ,” ಎಂದು ಅವರು ನಗಲು ನೋಡಿದರು.

“ಕಲ್ಲಿಗೇನು ಬುದ್ದಿ, ಬಾಯಾರಿಕೆ ಆಯ್ತದಾ? ಕೂತ್ಕಳಿ.”

ಸೊಸೆ ತರುತ್ತೇನೆಂದರೂ ಬಿಡದೆ, ತಾವೇ ಹೋಗಿ ಮೊದಲ ಸಲ ಆ ಬಾವಿಗೆ ಹಗ್ಗ ಇಳಿಬಿಟ್ಟು ಸೇದಿ ತಂದರು. ಬೆಲ್ಲ ಇಟ್ಟರು, ತಂಬಿಗೆ ಇಟ್ಟರು. ಚಂದ್ರಶೇಖರಯ್ಯ ಕುಡಿದು ಕೆಳಗಿಡುವ ತನಕ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತರು.

“ಈಗ ನೀವು ಕುಡೀರಿ,” ಎಂದರು ಅವರು.

ಶಿವರುದ್ರಮ್ಮ ಬೊಗಸೆ ಹಿಡಿದರು, ಸೊಸೆ ಹೊಯ್ದಳು. ಕಣ್ಣಲ್ಲಿ ನೀರು, ಗಲ್ಲದ ಮೇಲೆ ನೀರು, ಯಾವುದು ಯಾವುದೋ.

“ಹೇಗಿದೆ ತಾಯಿ?”

“ಚಿಲುಮೆಯಷ್ಟು ರುಚಿ ಇಲ್ಲ ಬುದ್ದಿ,” ಎಂದು ಸೆರಗಲ್ಲಿ ಮುಖ ಒರೆಸಿಕೊಂಡರು ಶಿವರುದ್ರಮ್ಮ. “ಆದ್ರೆ ನನ್ನ ಮಂಡಿಗೆ ಇದೇ ವಾಸಿ.”

ಎಲ್ಲರೂ ನಕ್ಕರು. ಗುಡ್ಡದಾಚೆಯಿಂದ ತಂದಿದ್ದ ಆ ಕೊನೆಯ ಕೊಡದ ನೀರನ್ನು ಸಂಜೆ ಶಿವರುದ್ರಮ್ಮ ಎಮ್ಮೆಯ ಕಲಗಚ್ಚಿಗೆ ಸುರಿದರು.